ಕಾಗದದ ಮೇಲಿನ ಹಳಿ

ಆಟದ ರೈಲು ಮಕ್ಕಳ ಸೊತ್ತು, ಚರಿತ್ರೆ ಹಿರಿಯರ ಸೊತ್ತು, ಇವೆರಡಕ್ಕೂ ಯಾವ ಬಳಕೆಯೂ ಇಲ್ಲವೆಂದು ನಾನು ಬಹುಕಾಲ ನಂಬಿಕೊಂಡಿದ್ದೆ. ಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಚರಿತ್ರೆಯ ಪಾಠ ಹೇಳಿದವನಿಗೆ ಇಂಥ ನಂಬಿಕೆ ಸಹಜವೇ. ಹೋದ ಮಳೆಗಾಲದಲ್ಲಿ ನನ್ನ ತಂಗಿಯ ಮಗ ಅದನ್ನು ಕೆಡಿಸಿಬಿಟ್ಟ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹುಡುಗ; ಹಬ್ಬಕ್ಕೆಂದು ಶಿವಮೊಗ್ಗಕ್ಕೆ ಬಂದವನು, ಹೊರಗೆ ಕಾಲಿಡಲು ಬಿಡದ ಮಳೆಗೆ ಬೇಸತ್ತು, ಊಟದ ಮೇಜಿನ ಮೇಲೆ ತನ್ನ ಕಂಪ್ಯೂಟರನ್ನು ತೆರೆದು ಕುಳಿತ. ಪಕ್ಕದಲ್ಲಿ ಒಂದು ಅಚ್ಚಾದ ಹಾಳೆ. ಹಾಳೆಯ ತುಂಬ ಹಾವಿನಂತೆ ಸುತ್ತಿಕೊಂಡ ಗೆರೆಗಳು.

“ಏನಪ್ಪಾ ಇದು, ರಂಗೋಲಿಯೆ?” ಎಂದೆ.

“ರಂಗೋಲಿ ಅಲ್ಲ ಮಾವ, ರೈಲು ದಾರಿ. ಇದರ ಮೇಲೆ ಗಾಡಿ ಓಡಿಸ್ತೀನಿ, ನೋಡ್ತಾ ಇರಿ” ಎಂದ.

ಅದು ಅಮೆರಿಕದ ಲಿನ್ ವೆಸ್ಟ್‌ಕಾಟ್ ಎಂಬಾತ 1956ರಲ್ಲಿ ಹೊರತಂದ, ನೂರಒಂದು ನಕ್ಷೆಗಳ ಪುಸ್ತಕದಿಂದ ತೆಗೆದ ಹಾಳೆ. ಮನೆಯ ಕೋಣೆಯಲ್ಲಿ, ನೆಲಮಾಳಿಗೆಯಲ್ಲಿ ಪುಟ್ಟ ರೈಲುಗಳನ್ನು ಓಡಿಸುವ ಹವ್ಯಾಸ ಆ ದೇಶಗಳಲ್ಲಿ ದೊಡ್ಡವರದೇ. ಕಂಬಿಯನ್ನು ಎಲ್ಲಿ ತಿರುಗಿಸಬೇಕು, ಎಲ್ಲಿ ಕವಲು ಒಡೆಸಬೇಕು, ಯಾವ ಸೇತುವೆ ಎಷ್ಟು ಅಂಗುಲ ಎತ್ತರವಿರಬೇಕು ಎಂಬುದನ್ನೆಲ್ಲ ಇಂಥ ನಕ್ಷೆಗಳು ಹೇಳುತ್ತವೆ. ಹೆಚ್ಚು ಬಳಕೆಯಲ್ಲಿರುವ ಅಳತೆಮಾನ ಎಂಬತ್ತೇಳಕ್ಕೆ ಒಂದು. ನಿಜವಾದ ಎಂಬತ್ತೇಳು ಅಡಿ ಮೇಜಿನ ಮೇಲೆ ಒಂದಡಿ. ಈ ಲೆಕ್ಕದಲ್ಲಿ ನಮ್ಮ ಬೀರೂರು-ಶಿವಮೊಗ್ಗದ ಸುಮಾರು 61 ಕಿಲೋಮೀಟರ್ ದಾರಿಯನ್ನು ಮಾಡಿ ನಿಲ್ಲಿಸಲು ಏಳುನೂರು ಮೀಟರ್ ಉದ್ದದ ಕೋಣೆ ಬೇಕಾದೀತು. ಅಂಥ ಮನೆ ಯಾರಿಗಿದೆ? ಆದ್ದರಿಂದ ನಕ್ಷೆ ಬರೆಯುವವರು ದಾರಿಯನ್ನು ಮಡಿಸುತ್ತಾರೆ, ಸುತ್ತುತ್ತಾರೆ, ಹತ್ತು ನಿಲ್ದಾಣಗಳಲ್ಲಿ ಎಂಟನ್ನು ಬಿಡುತ್ತಾರೆ.

ಕಂಪ್ಯೂಟರಿನೊಳಗೆ ಕೋಣೆಯ ಕಟ್ಟಿಲ್ಲ. 2001ರಲ್ಲಿ ಮೈಕ್ರೋಸಾಫ್ಟಿನವರ ‘ಟ್ರೈನ್ ಸಿಮ್ಯುಲೇಟರ್’, ಆಸ್ಟ್ರೇಲಿಯದವರ ‘ಟ್ರೈನ್ಜ್’ ಎಂಬ ಎರಡು ತಂತ್ರಾಂಶಗಳು ಬಂದವು. ಆಮೇಲೆ ಹವ್ಯಾಸಿಗಳೇ ಸೇರಿ ‘ಓಪನ್ ರೈಲ್ಸ್’ ಎಂಬುದನ್ನು ಕಟ್ಟಿ ಪುಕ್ಕಟೆಯಾಗಿ ಹಂಚಿದರು. ಇವುಗಳಲ್ಲಿ ನೆಲ, ಬೆಟ್ಟ, ಹೊಳೆ ಎಲ್ಲವನ್ನೂ ನಿಜದ ಅಳತೆಯಲ್ಲೇ ಹರಡಿ, ಕಂಬಿ ಹಾಸಿ, ಇಂಜಿನು ನಡೆಸಬಹುದು. ಅಚ್ಚಾದ ನಕ್ಷೆಯೊಂದನ್ನು ಇದರೊಳಕ್ಕೆ ತರುವ ಕ್ರಮ ಸರಳ. ಹಾಳೆಯ ಬಿಂಬವನ್ನು ತೆಗೆದು, ಕಂಪ್ಯೂಟರಿನ ಬಯಲ ಮೇಲೆ ಜಮಖಾನದ ಹಾಗೆ ಹಾಸಬೇಕು. ನಕ್ಷೆಯಲ್ಲಿ ಗೊತ್ತಿರುವ ಒಂದು ದೂರವನ್ನು ಹಿಡಿದು, ಅದು ನಿಜದ ದೂರಕ್ಕೆ ಸರಿಯಾಗುವ ತನಕ ಜಮಖಾನವನ್ನು ಹಿಗ್ಗಿಸಬೇಕು. ಆಮೇಲೆ ಗೆರೆಯ ಮೇಲೆ ಕಂಬಿಯನ್ನು ತುಂಡುತುಂಡಾಗಿ ಇಡುತ್ತ ಹೋಗಬೇಕು. ಮಗ್ಗಿಯ ಪುಸ್ತಕದ ಮೇಲೆ ತೆಳು ಕಾಗದವಿಟ್ಟು ತಿದ್ದುವ ಹುಡುಗನ ಕೆಲಸ.

ಹುಡುಗ ಹಾಗೆಯೇ ಮಾಡಿದ. ನಕ್ಷೆಯನ್ನು ಎಂಬತ್ತೇಳು ಪಟ್ಟು ಹಿಗ್ಗಿಸಿ, ಕಂಬಿ ಹಾಸಿ, ನಮ್ಮೂರಿನ ದಾರಿಯಲ್ಲಿ ಒಂದು ಕಾಲಕ್ಕೆ ಓಡುತ್ತಿದ್ದಂಥ ಮೀಟರ್ ಗೇಜಿನ ಗಾಡಿಯೊಂದನ್ನು ನಿಲ್ಲಿಸಿ ಹೊರಡಿಸಿದ. ಗಾಡಿ ಹೊರಟಿತು. ಮೊದಲ ತಿರುವಿನಲ್ಲೇ ನನಗೆ ನಗು ಬಂತು. ಒಂದು ಡಬ್ಬಿಯ ಮೂಲೆ ಇನ್ನೊಂದು ಡಬ್ಬಿಯ ಹೊಟ್ಟೆಯೊಳಗೆ ಹೊಕ್ಕಿತ್ತು. ಇಂಜಿನಿನ ಮೂತಿ ಕಂಬಿಯನ್ನು ಬಿಟ್ಟು ಪಕ್ಕದ ಹುಲ್ಲಿನ ಮೇಲೆ ಚಾಚಿತ್ತು. ಆದರೂ ಗಾಡಿ ಬೀಳಲಿಲ್ಲ. ತಂತ್ರಾಂಶಕ್ಕೆ ನಾಚಿಕೆಯಿಲ್ಲ; ಹಾಸಿದ ಹಳಿಯ ಮೇಲೆ ಅದು ಎಂಥ ಗಾಡಿಯನ್ನೂ ನಡೆಸುತ್ತದೆ.

ಲೆಕ್ಕ ಹಾಕಿ ನೋಡಿದೆವು. ಮೇಜಿನ ನಕ್ಷೆಯಲ್ಲಿ ತಿರುವಿನ ತ್ರಿಜ್ಯ ಹದಿನೆಂಟು ಅಂಗುಲ. ನಿಜಕ್ಕೆ ಹಿಗ್ಗಿಸಿದರೆ ನಲವತ್ತು ಮೀಟರ್. ಭಾರತದ ರೈಲ್ವೆ ನಿಯಮಗಳ ಪ್ರಕಾರ ಬ್ರಾಡ್ ಗೇಜಿನಲ್ಲಿ ತಿರುವು 175 ಮೀಟರಿಗಿಂತ ಕಿರಿದಾಗುವಂತಿಲ್ಲ. ಮೀಟರ್ ಗೇಜಿನಲ್ಲಿ 109 ಮೀಟರ್. ನಲವತ್ತು ಮೀಟರಿನ ತಿರುವಿನಲ್ಲಿ ನಮ್ಮ ಶಿವಮೊಗ್ಗದ ಗಾಡಿ ಸುಖವಾಗಿ ತಿರುಗುವುದು ಕಾಗದದ ಮೇಲೆ ಮಾತ್ರ.

“ಹಾಗಾದರೆ ಇಷ್ಟು ಬಿಗಿಯಾದ ತಿರುವಿನ ರೈಲು ಎಲ್ಲೂ ಇಲ್ಲವೇ?” ಎಂದು ಹುಡುಗ ಕೇಳಿದ.

ಇದೆ, ಅಥವಾ ಇತ್ತು. ಎರಡು, ಎರಡೂವರೆ ಅಡಿಯ ಸಣ್ಣ ಹಳಿಗೆ ನಿಯಮ ಕೊಡುವ ಮಿತಿ ಸುಮಾರು 44 ಮೀಟರ್. ಹೆಚ್ಚುಕಡಿಮೆ ಆ ಆಟಿಕೆಯ ತಿರುವೇ! ಅಮೆರಿಕದವನ ಮೇಜಿನ ಮೇಲಿನ ರೈಲಿಗೆ ನಿಜ ಪ್ರಪಂಚದಲ್ಲಿ ಹತ್ತಿರದ ನೆಂಟ ಯಾರೆಂದರೆ ನಮ್ಮ ಮಲೆನಾಡಿನ ಕಾಡಿನಲ್ಲಿ ಓಡುತ್ತಿದ್ದ ಟ್ರಾಂ ಗಾಡಿ. ಇದು ಹೊಳೆದೊಡನೆ ನನಗೆ ನನ್ನ ತಾಯಿಯ ನೆನಪಾಯಿತು. ಆ ವಿಷಯಕ್ಕೆ ಬರುವ ಮುನ್ನ ನಮ್ಮ ಕಡೆಯ ರೈಲಿನ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳುವುದು ಒಳ್ಳೆಯದು.

ಬೀರೂರಿನಿಂದ ಶಿವಮೊಗ್ಗದವರೆಗೆ ಮೀಟರ್ ಗೇಜಿನ ದಾರಿ ಬಂದದ್ದು 1899ರಲ್ಲಿ. ಆಗ ಭದ್ರಾವತಿಗೆ ಬೆಂಕಿಪುರವೆಂದು ಹೆಸರು; ಹೊಳೆಯ ದಡದ ಸಣ್ಣ ಊರು. ಇಪ್ಪತ್ತು ವರ್ಷ ಕಳೆಯುವುದರೊಳಗೆ ಸರ್ ಎಂ. ವಿಶ್ವೇಶ್ವರಯ್ಯನವರ ಯೋಜನೆಯಂತೆ ಅಲ್ಲಿ ಕಬ್ಬಿಣದ ಕಾರ್ಖಾನೆ ಏಳತೊಡಗಿತು. 1923ರ ಜನವರಿಯಲ್ಲಿ ಕುಲುಮೆ ಹೊತ್ತಿತು. ನಮ್ಮಲ್ಲಿ ಕಲ್ಲಿದ್ದಲಿಲ್ಲ, ಕಾಡಿದೆ. ಆದ್ದರಿಂದ ಆ ಕುಲುಮೆ ಉಂಡದ್ದು ಮರದ ಇದ್ದಲನ್ನು. ಅದಿರು ಬಾಬಾಬುಡನ್ ಸಾಲಿನ ಕೆಮ್ಮಣ್ಣುಗುಂಡಿಯಿಂದ ಬರಬೇಕು. ಕೆಮ್ಮಣ್ಣುಗುಂಡಿ ಸಮುದ್ರಮಟ್ಟದಿಂದ ಸುಮಾರು 1,400 ಮೀಟರ್ ಎತ್ತರದಲ್ಲಿದೆ, ಭದ್ರಾವತಿ ಸುಮಾರು 600ರಲ್ಲಿ. ಈ ಇಳಿಜಾರಿಗೆ ಹಳಿ ಒಂದೇ ಸಾಲದಾಗಿ, ಬೆಟ್ಟದಿಂದ ತೊಟ್ಟಿಗಳನ್ನು ತಂತಿಯ ಮೇಲೆ ಇಳಿಸಿ, ಕೆಳಗಿನಿಂದ ಟ್ರಾಂ ಹಳಿಯ ಮೇಲೆ ಕಾರ್ಖಾನೆಗೆ ಸಾಗಿಸುವ ಏರ್ಪಾಡಾಯಿತು. ಸೌದೆಗಾಗಿ ಕಾಡಿನೊಳಕ್ಕೂ ಸಣ್ಣ ಹಳಿಗಳು ಹೊಕ್ಕವು. ಇವಲ್ಲದೆ ತರೀಕೆರೆಯಿಂದ ನರಸಿಂಹರಾಜಪುರಕ್ಕೆ, ಹಿಂದಿನ ಯಡೇಹಳ್ಳಿಗೆ, ಜನರನ್ನೂ ಸಾಮಾನನ್ನೂ ಒಯ್ಯುವ ಎರಡಡಿ ಹಳಿಯ ಟ್ರಾಂ ಮಾರ್ಗವೊಂದಿತ್ತು.

ನನ್ನ ತಾಯಿಯ ತವರು ನರಸಿಂಹರಾಜಪುರ. ಹುಡುಗಿಯಾಗಿದ್ದಾಗ ಆಕೆ ಆ ಟ್ರಾಮಿನಲ್ಲಿ ತರೀಕೆರೆಗೆ ಹೋಗಿಬಂದವಳು. ಭದ್ರಾವತಿಯ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಆಕೆ ಹೇಳುತ್ತಿದ್ದ ಮಾತು ಇದು: “ಏರು ಬಂತು ಅಂದರೆ ಗಂಡಸರು ಇಳಿದು ಗಾಡಿಯ ಪಕ್ಕದಲ್ಲೇ ನಡೀತಿದ್ದರು. ಒಬ್ಬ ಎಲೆಯಡಿಕೆ ಹಾಕಿಕೊಂಡು, ಸುಣ್ಣ ಹಚ್ಚಿಕೊಂಡು, ನಿಧಾನವಾಗಿ ಬಂದು ಮತ್ತೆ ಹತ್ತುತ್ತಿದ್ದ. ಆಮೇಲೆ ಹೊಳೆ ದಾಟಿ ಬಯಲು.” ನಾವು ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದೆವು. ರೈಲಿನ ಪಕ್ಕ ನಡೆಯುವುದುಂಟೆ? ಅದೂ ಅಲ್ಲದೆ ಆಕೆ ಹೇಳುವ ಬಯಲಿನ ಜಾಗದಲ್ಲಿ ನಾವು ಕಂಡದ್ದು ಬರೀ ನೀರು. ಲಕ್ಕವಳ್ಳಿಯ ಬಳಿ ಭದ್ರೆಗೆ ಅಣೆಕಟ್ಟು ಬಂದ ಕಾಲದಲ್ಲಿ ಟ್ರಾಮೂ ನಿಂತಿತು. ತರೀಕೆರೆ ಹೊಳೆಯ ಮೂಡಣಕ್ಕೆ, ನರಸಿಂಹರಾಜಪುರ ಪಡುವಣಕ್ಕೆ. ನಡುವಿನ ಕಣಿವೆ ಹಿನ್ನೀರಾಯಿತು. ಆಕೆ ತೀರಿಕೊಂಡು ಬಹಳ ವರ್ಷಗಳಾದವು. ಆಕೆಯ ಮಾತನ್ನು ನಾನು ಒಂದು ದಿನವಾದರೂ ಗಂಭೀರವಾಗಿ ಕೇಳಿರಲಿಲ್ಲ. ಚರಿತ್ರೆಯ ಮೇಷ್ಟ್ರಿಗೆ ಇದಕ್ಕಿಂತ ದೊಡ್ಡ ತಪ್ಪು ಉಂಟೆ?

“ಅಮೆರಿಕದ ನಕ್ಷೆ ಸಾಕು, ಅಜ್ಜಿಯ ಟ್ರಾಮನ್ನು ಓಡಿಸೋಣ” ಎಂದೆ. ಹುಡುಗ ಹಬ್ಬದ ರಜೆಗೆ ಮತ್ತೆ ನಾಲ್ಕು ದಿನ ಸೇರಿಸಿಕೊಂಡ.

ನಮ್ಮಲ್ಲಿದ್ದ ಆಧಾರ ಒಂದೇ: ಅಣೆಕಟ್ಟಿಗೆ ಮುಂಚಿನ, ಮೈಲಿಗೆ ಒಂದಂಗುಲದ ಸರ್ವೆ ನಕ್ಷೆಯ ಪ್ರತಿ. ಈ ಅಳತೆಯ ಮರ್ಮವನ್ನು ವಾಚಕರು ಸ್ವಲ್ಪ ಗಮನಿಸಬೇಕು. ಇಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ ಅರುವತ್ತಮೂರು ಮೀಟರ್. ಅರ್ಧ ಮಿಲಿಮೀಟರ್ ದಪ್ಪದ ಗೆರೆ ಎಳೆದರೆ ಆ ಗೆರೆಯೇ ಮೂವತ್ತು ಮೀಟರ್ ಅಗಲ. ಎರಡಡಿಯ ಹಳಿ ಅದರೊಳಗೆ ಎಲ್ಲಿದೆಯೆಂದು ಬ್ರಹ್ಮನೇ ಹೇಳಬೇಕು. ನಾವು ಮೊದಲ ದಿನ ಅಭ್ಯಾಸಕ್ಕೆಂದು ಭದ್ರಾವತಿಯ ದೊಡ್ಡ ರೈಲು ದಾರಿಯನ್ನು ಈ ನಕ್ಷೆಯಿಂದಲೇ ತಿದ್ದಿ ಹಾಸಿದೆವು. ನೋಡಿದರೆ ನಮ್ಮ ಹಳಿ ಸೇತುವೆಯನ್ನು ಬಿಟ್ಟು, ಆಚೆ ನೇರವಾಗಿ ಭದ್ರಾ ಹೊಳೆಗೆ ಇಳಿದಿತ್ತು!

ಇದರಲ್ಲಿ ನಮ್ಮ ಕೈಯ ನಡುಕದ ಪಾಲು ಸ್ವಲ್ಪ, ಚರಿತ್ರೆಯ ಪಾಲು ಬಹಳ. ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯನ್ನು ಅಳೆದಲ್ಲಿಂದ ಮೊದಲುಗೊಂಡು ಬೆಳೆದ ನಮ್ಮ ಸರ್ವೆಯವರು ಭೂಮಿಯ ದುಂಡನ್ನು ಒಂದು ಲೆಕ್ಕದಲ್ಲಿ ಹಿಡಿದರು. ಅದಕ್ಕೆ ಎವರೆಸ್ಟನ ಹೆಸರು. ಇಂದಿನ ಉಪಗ್ರಹಗಳು ಹಿಡಿಯುವ ಲೆಕ್ಕ ಬೇರೆ. ಎರಡರ ನಡುವೆ ನಮ್ಮ ಸೀಮೆಯಲ್ಲಿ ನೂರು ಮೀಟರಿಗೂ ಮಿಕ್ಕ ಅಂತರ ಬೀಳುತ್ತದೆ. ಹಳೆಯ ನಕ್ಷೆಯ ಅಕ್ಷಾಂಶ ರೇಖಾಂಶಗಳನ್ನು ಹೊಸ ಲೆಕ್ಕದಲ್ಲಿ ಹಾಗೆಯೇ ಇಟ್ಟರೆ ಊರಿಗೆ ಊರೇ ಪಕ್ಕಕ್ಕೆ ಜರುಗುತ್ತದೆ.

ಇದಕ್ಕೆ ಪರಿಹಾರವೆಂದರೆ ಅಂದೂ ಇಂದೂ ಅಲುಗದೆ ನಿಂತಿರುವ ಕೆಲವು ಗುರುತುಗಳನ್ನು ಹುಡುಕಿ, ನಕ್ಷೆಯನ್ನು ಅವುಗಳಿಗೆ ಮೊಳೆ ಹೊಡೆದಂತೆ ಕೂಡಿಸುವುದು. ರಸ್ತೆಗಳು ಬದಲಾಗಿವೆ. 1990ರ ದಶಕದಲ್ಲಿ ಬೀರೂರಿನ ದಾರಿ ಬ್ರಾಡ್ ಗೇಜಾದಾಗ ಹಳಿಯೂ ಬದಲಾಗಿದೆ. ಕೊನೆಗೆ ನಮ್ಮನ್ನು ಕಾಪಾಡಿದವರು ಹಳೆಯ ಶಿಲ್ಪಿಗಳು. ಭದ್ರಾವತಿಯ ಲಕ್ಷ್ಮೀನರಸಿಂಹ ದೇವಸ್ಥಾನ, ತರೀಕೆರೆಯ ಹತ್ತಿರ ಅಮೃತಾಪುರದ ಅಮೃತೇಶ್ವರ, ನರಸಿಂಹರಾಜಪುರದ ಸಿಂಹನಗದ್ದೆಯ ಬಸದಿ: ಈ ಮೂರು ಕಡೆ ಮೊಳೆ ಹೊಡೆದೆವು. ನಕ್ಷೆ ಜರುಗಿ ತನ್ನ ಜಾಗಕ್ಕೆ ಬಂದು ಕೂತಿತು. ಭದ್ರಾವತಿಯ ರೈಲೂ ಸೇತುವೆಯನ್ನು ಹತ್ತಿತು. ಹೊಯ್ಸಳರ ಗುಡಿಗಳು ರೈಲಿನ ಲೆಕ್ಕಕ್ಕೆ ಒದಗಿದ್ದು ನನಗೆ ಬಹಳ ಸಂತೋಷದ ಸಂಗತಿಯಾಗಿ ಕಂಡಿತು.

ತಿರುವುಗಳನ್ನು ನಕ್ಷೆಯಿಂದ ಎತ್ತುವುದಕ್ಕೆ ನಮ್ಮ ಹಳೆಯ ಗಣಿತವೇ ಸಾಕು. ಬಿಲ್ಲಿನಂತಿರುವ ಗೆರೆಯ ಎರಡು ತುದಿಗಳನ್ನು ಸೇರಿಸಿದರೆ ಅದು ಜ್ಯಾ. ಬಿಲ್ಲಿನ ನಡುವಿನಿಂದ ಜ್ಯಾಕ್ಕೆ ಇರುವ ದೂರ ಶರ. ಜ್ಯಾದ ವರ್ಗವನ್ನು ಶರದ ಎಂಟುಪಟ್ಟಿನಿಂದ ಭಾಗಿಸಿದರೆ ತ್ರಿಜ್ಯ ಸಿಕ್ಕಂತೆ. ನೂರು ಮೀಟರಿನ ಜ್ಯಾಕ್ಕೆ ಐದು ಮೀಟರಿನ ಶರವಾದರೆ ತ್ರಿಜ್ಯ 250 ಮೀಟರ್. ರೈಲ್ವೆಯಲ್ಲಿ ಹಳಿಯ ತಿರುವನ್ನು ಪರೀಕ್ಷಿಸುವವರು ದಾರವನ್ನು ಹಿಡಿದು ಮಾಡುವುದೂ ಇದನ್ನೇ.

ಇನ್ನು ಉಳಿದದ್ದು ಎತ್ತರ. ಹಳಿ ಎಲ್ಲಿತ್ತೆಂದು ಗೆರೆ ಹೇಳುತ್ತದೆ; ಎಷ್ಟು ಎತ್ತರದಲ್ಲಿತ್ತೆಂದು ಹೇಳುವುದಿಲ್ಲ. ಎತ್ತರವಿಲ್ಲದೆ ಏರಿಲ್ಲ, ಏರಿಲ್ಲದೆ ನನ್ನ ತಾಯಿಯ ಕಥೆಯಿಲ್ಲ. ಈ ಕಾಲದಲ್ಲಿ ನೆಲದ ಎತ್ತರಕ್ಕೆ ಎಲ್ಲರೂ ನೆಚ್ಚುವುದು 2000ದ ಫೆಬ್ರವರಿಯಲ್ಲಿ ‘ಎಂಡೆವರ್’ ಆಕಾಶನೌಕೆ ಹನ್ನೊಂದು ದಿನ ಭೂಮಿಯನ್ನು ಸುತ್ತಿ, ರೇಡಾರಿನಿಂದ ಅಳೆದು ತಂದ ಅಂಕಿಗಳನ್ನು. ಹುಡುಗ ಅವನ್ನು ಇಳಿಸಿ ಹರಡಿದ. ಬಾಬಾಬುಡನ್ ಸಾಲು ತೆರೆಯ ಮೇಲೆ ಎದ್ದು ನಿಂತಿತು. ನೋಡಿ ಕಣ್ಣು ತುಂಬಿತು. ಆದರೆ ಲಕ್ಕವಳ್ಳಿಯಿಂದ ಮೇಲಕ್ಕೆ, ಕಣಿವೆ ಇರಬೇಕಾದ ಕಡೆ, ಇಸ್ತ್ರಿ ಮಾಡಿದ ಬಟ್ಟೆಯಂಥ ಒಂದು ಚಪ್ಪಟೆ ಹಾಳೆ. ರೇಡಾರು ನೀರಿನ ಮೇಲ್ಮೈಯನ್ನು ಕಂಡಿದೆ. ಅದರಡಿಯ ನೆಲ ಅದಕ್ಕೆ ಕಾಣುವುದಿಲ್ಲ. ದಿನವೂ ಬೆಳಗ್ಗೆ ಪತ್ರಿಕೆಯಲ್ಲಿ ಭದ್ರಾ ಜಲಾಶಯದ ಮಟ್ಟ 186 ಅಡಿಗೆ ಇನ್ನೆಷ್ಟು ಬಾಕಿಯೆಂದು ನೋಡುವ ನಮಗೆ ಆ ನೀರಿನ ಕೆಳಗೊಂದು ಊರದಾರಿ ಇತ್ತೆಂಬುದು ಮರೆತುಹೋಗಿದೆ. ಆಕಾಶನೌಕೆಗೆ ಅದು ಗೊತ್ತೇ ಇಲ್ಲ.

ಗೊತ್ತಿದ್ದದ್ದು ಆ ಹಳೆಯ ಕಾಗದಕ್ಕೆ. ಅದರಲ್ಲಿ ಐವತ್ತೈವತ್ತು ಅಡಿಗೆ ಒಂದರಂತೆ ಕಂದು ಬಣ್ಣದ ಸಮೋನ್ನತ ರೇಖೆಗಳಿದ್ದವು. ಅಣೆಕಟ್ಟಿಗೆ ಮುಂಚೆ, ಆ ಕಣಿವೆಯಲ್ಲಿ ಕಾಲು ನಡಿಗೆಯಲ್ಲಿ ತಿರುಗಿದ ಸರ್ವೆಯವರು ಎಳೆದ ಗೆರೆಗಳವು. ನಾವಿಬ್ಬರೂ ಎರಡು ದಿನ ಕೂತು, ರೇಡಾರಿನ ಚಪ್ಪಟೆ ಭಾಗವನ್ನು ಅಳಿಸಿ, ಕಂದು ಗೆರೆಗಳನ್ನು ಒಂದೊಂದಾಗಿ ತಿದ್ದಿ, ನೀರಿನಡಿಯ ಕಣಿವೆಯನ್ನು ಮತ್ತೆ ತೋಡಿದೆವು. ಹೊಳೆ ತನ್ನ ಹಳೆಯ ಪಾತ್ರಕ್ಕೆ ಇಳಿಯಿತು. ಅದರ ಎರಡೂ ಕಡೆ ಬಯಲು ಕಾಣಿಸಿತು. ನನ್ನ ತಾಯಿ ಹೇಳುತ್ತಿದ್ದ ಬಯಲು!

ನಮ್ಮ ಟ್ರಾಮಿನ ಇಂಜಿನು ತಂತ್ರಾಂಶದಲ್ಲಿ ಸಿಗಲಿಲ್ಲ. ಅದೇ ಎರಡಡಿ ಹಳಿಯದೆಂದು ಡಾರ್ಜಿಲಿಂಗಿನ ಇಂಜಿನೊಂದನ್ನು ಎರವಲು ತಂದು, ಹಿಂದೆ ನಾಲ್ಕು ಡಬ್ಬಿ ಕಟ್ಟಿದೆವು. ತರೀಕೆರೆ ಬಿಟ್ಟು ಕಾಡು ಹೊಕ್ಕ ಮೇಲೆ ಏರು ಬಂತು. ವೇಗದ ಮುಳ್ಳು ಇಳಿಯತೊಡಗಿತು: ಹನ್ನೆರಡು, ಒಂಬತ್ತು, ಆರು. ಗಂಟೆಗೆ ಐದು ಕಿಲೋಮೀಟರಿನಲ್ಲಿ ಅದು ನಿಂತಿತು. ಹುಡುಗ ನನ್ನ ಮುಖ ನೋಡಿದ. ಐದು ಕಿಲೋಮೀಟರ್ ಎಂದರೆ ಮನುಷ್ಯ ಎಲೆಯಡಿಕೆ ಜಗಿಯುತ್ತ ನಡೆಯುವ ವೇಗ. ನಾವಿಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆದರೆ ಚರಿತ್ರೆಯ ವಿದ್ಯಾರ್ಥಿ ಕಣ್ಣೊರೆಸಿಕೊಂಡ ಮೇಲೆ ಪ್ರಶ್ನೆ ಕೇಳಲೇಬೇಕು. ಇದರಿಂದ ಏನು ಸಿದ್ಧವಾಯಿತು? ಇಂಜಿನು ಡಾರ್ಜಿಲಿಂಗಿನದು, ಭಾರ ನಮ್ಮ ಊಹೆ, ಎರಡು ಸಮೋನ್ನತ ರೇಖೆಗಳ ನಡುವೆ ಏರನ್ನು ಹಂಚಿದ್ದು ನಮ್ಮ ಕೈ. ಇನ್ನೊಂದು ಡಬ್ಬಿ ಬಿಚ್ಚಿದ್ದರೆ ಮುಳ್ಳು ಒಂಬತ್ತರಲ್ಲೇ ನಿಲ್ಲುತ್ತಿತ್ತೋ ಏನೋ. ನಲವತ್ತು ಮೀಟರ್ ತಿರುವಿನಲ್ಲಿ ದೊಡ್ಡ ಗಾಡಿಯನ್ನು ನಾಚದೆ ತಿರುಗಿಸಿದ ಅದೇ ತಂತ್ರಾಂಶವಲ್ಲವೆ ಇದು? ಆಗ ನಕ್ಕು, ಈಗ ಅದೇ ಯಂತ್ರದ ಮಾತನ್ನು ಶಾಸನವೆಂದು ಒಪ್ಪುವುದು ನ್ಯಾಯವಲ್ಲ. ಯಂತ್ರ ಹೇಳಿದ್ದು ಇಷ್ಟು: ಹೀಗೆ ಆಗಿರಬಹುದು. ನಕ್ಷೆ ಹೇಳಿದ್ದು: ಇಲ್ಲಿ ಇತ್ತು. ‘ಹೀಗೆಯೇ ಆಯಿತು’ ಎಂದು ಹೇಳಿದವಳು ನನ್ನ ತಾಯಿ ಒಬ್ಬಳೇ. ಮೂರು ಸಾಕ್ಷಿಗಳು ಬೇರೆಬೇರೆ ದಾರಿಯಿಂದ ಬಂದು ಒಂದೆಡೆ ಕೂಡಿದಾಗ ಮಾತಿಗೆ ತೂಕ ಬರುತ್ತದೆ. ಹುಡುಗನಿಗೆ ನಾನು ಕೊಟ್ಟ ಚರಿತ್ರೆಯ ಪಾಠ ಇಷ್ಟೇ. ಅವನು ನನಗೆ ಕೊಟ್ಟದ್ದು ಇದಕ್ಕಿಂತ ಹೆಚ್ಚು.

ಏಕೆಂದರೆ ಕಾಗದ ಉಳಿದಿದ್ದರಿಂದ ಇಷ್ಟಾದರೂ ಆಯಿತು. ಅಮೆರಿಕದ ಜಾನ್ ಆಲನ್ ಎಂಬಾತ ಕ್ಯಾಲಿಫೋರ್ನಿಯದ ತನ್ನ ಮನೆಯಲ್ಲಿ ಎಷ್ಟೋ ವರ್ಷ ದುಡಿದು ಕಟ್ಟಿದ, ಆ ಹವ್ಯಾಸಿಗಳಲ್ಲೆಲ್ಲ ಹೆಸರಾದ ಪುಟ್ಟ ರೈಲು 1973ರಲ್ಲಿ, ಆತ ತೀರಿಕೊಂಡ ಕೆಲವೇ ದಿನಕ್ಕೆ, ಬೆಂಕಿಗೆ ಆಹುತಿಯಾಯಿತು. ನಕ್ಷೆಯೂ ಚಿತ್ರಗಳೂ ಅಚ್ಚಾಗಿದ್ದರಿಂದ ಅದನ್ನು ಬಲ್ಲವರು ಇಂದಿಗೂ ಇದ್ದಾರೆ. ನಮ್ಮ ಕಾಡಿನೊಳಗಿನ ಸೌದೆಯ ಹಳಿಗಳಿಗೆ ಅಂಥ ಅದೃಷ್ಟವಿಲ್ಲ. ಒಂದು ಕೂಪಿನಲ್ಲಿ ಮರ ಮುಗಿದರೆ ಕಂಬಿ ಕಿತ್ತು ಇನ್ನೊಂದು ಕೂಪಿಗೆ ಹಾಸುವುದು ಅಂಥ ಹಳಿಯ ಧರ್ಮ. ಸರ್ವೆಯವರು ಬಂದ ವರ್ಷ ಇದ್ದದ್ದು ನಕ್ಷೆಗೆ ಬಂತು, ಮರುವರ್ಷದ್ದು ಬರಲಿಲ್ಲ. ಎಷ್ಟು ಕಾಡು ಆ ಕುಲುಮೆಯ ಬಾಯಿಗೆ ಹೋಯಿತೆಂಬ ಲೆಕ್ಕಕ್ಕೆ ಆ ಅಳಿದ ಹಳಿಗಳೇ ಸಾಕ್ಷಿಯಾಗುತ್ತಿದ್ದವು.

ಮೊನ್ನೆಮೊನ್ನೆಯದೂ ಹೀಗೆಯೇ ಜಾರುತ್ತಿದೆ. ಜೋಗದ ವಿದ್ಯುತ್ ಕೆಲಸದ ಕಾಲದಲ್ಲಿ, 1940ರ ಹೊತ್ತಿಗೆ ತಾಳಗುಪ್ಪ ಮುಟ್ಟಿದ ಮೀಟರ್ ಗೇಜಿನ ದಾರಿ 2011ರ ಹೊತ್ತಿಗೆ ಪೂರ್ತಿ ಬ್ರಾಡ್ ಗೇಜಾಯಿತು. ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಕಾಣಿಸಿಕೊಂಡ ಅರಸಾಳಿನ ಹಳೆಯ ನಿಲ್ದಾಣವನ್ನು 2020ರಲ್ಲಿ ವಸ್ತುಸಂಗ್ರಹಾಲಯವಾಗಿ ಮಾಡಿದ್ದಾರೆ, ಒಳ್ಳೆಯ ಕೆಲಸ. ಆದರೆ ಕಟ್ಟಡವೊಂದು ಉಳಿದರೆ ಸಾಲದು. ಯಾವ ಪಾಯಿಂಟು ಎಲ್ಲಿತ್ತು, ಇಂಜಿನು ನೀರು ಕುಡಿಯುತ್ತಿದ್ದ ಕಂಬ ಎಲ್ಲಿತ್ತು ಎಂಬ ಯಾರ್ಡಿನ ನಕ್ಷೆಗಳು ನಿವೃತ್ತ ನೌಕರರ ಟ್ರಂಕುಗಳಲ್ಲಿ, ಗೆದ್ದಲು ಹಿಡಿಯುವ ಬೀರುಗಳಲ್ಲಿ ಇನ್ನೂ ಇರಬಹುದು. ಅಂಥ ಕಾಗದ ಕೈಗೆ ಸಿಕ್ಕವರು ರದ್ದಿಗೆ ಹಾಕುವ ಮುನ್ನ ಒಂದು ಚಿತ್ರವನ್ನಾದರೂ ತೆಗೆದಿಟ್ಟುಕೊಳ್ಳಲಿ. ಮನೆಯಲ್ಲಿ ಆ ಗಾಡಿಯಲ್ಲಿ ಓಡಾಡಿದ ಹಿರಿಯರಿದ್ದರೆ, ಆ ಚಿತ್ರವನ್ನು ಅವರ ಮುಂದಿಟ್ಟು, ನಗದೆ ಕೇಳಲಿ.

ಹುಡುಗ ಬೆಂಗಳೂರಿಗೆ ಹಿಂತಿರುಗಿದ. ಹೋಗುವ ಮುನ್ನ ಆ ಟ್ರಾಮನ್ನು ನನ್ನ ಹಳೆಯ ಕಂಪ್ಯೂಟರಿಗೆ ಇಳಿಸಿ, ಓಡಿಸುವ ಕ್ರಮವನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದಾನೆ. ಸಂಜೆ ಮಳೆ ಹಿಡಿದಾಗ ನಾನು ತರೀಕೆರೆಯಿಂದ ಹೊರಡುತ್ತೇನೆ. ಏರು ಬಂದಾಗ ಮುಳ್ಳು ಐದಕ್ಕೆ ಇಳಿಯುತ್ತದೆ. ಆಮೇಲೆ ಹೊಳೆ, ಹೊಳೆ ದಾಟಿದರೆ ಬಯಲು. ಅಲ್ಲಿ ಈಗ ನೀರು ನಿಂತಿದೆಯೆಂದು ನನಗೆ ಗೊತ್ತು, ಗಾಡಿಗೆ ಗೊತ್ತಿಲ್ಲ.